ಕಲ್ಪನೆಯ ಬೆಲೆಯನ್ನು ತೆರುವವರು ಯಾರು?

2004ರಲ್ಲಿ ಆರಂಭವಾದ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ ಧಾರಾವಾಹಿಯ ಮೊದಲ ಕಂತಿನ ಹೆಸರು ಬರಿಯ ಒಂದು ಸಂಖ್ಯೆ: 33. ತಮ್ಮ ಗ್ರಹಗಳನ್ನು ಕಳೆದುಕೊಂಡು ನೌಕೆಗಳಲ್ಲಿ ದಿಕ್ಕೆಟ್ಟು ಸಾಗುತ್ತಿರುವ ಅಳಿದುಳಿದ ಮನುಷ್ಯರನ್ನು, ಅವರೇ ಹಿಂದೊಮ್ಮೆ ಸೃಷ್ಟಿಸಿದ ಸೈಲಾನ್ ಎಂಬ ಯಂತ್ರಗಳ ಪಡೆ ಪ್ರತಿ 33 ನಿಮಿಷಕ್ಕೊಮ್ಮೆ ಹುಡುಕಿಕೊಂಡು ಬರುತ್ತದೆ. ನೌಕೆಗಳು ತಪ್ಪಿಸಿಕೊಂಡು ಇನ್ನೊಂದು ಜಾಗಕ್ಕೆ ಜಿಗಿಯುತ್ತವೆ, ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಕಂತು ತೆರೆದುಕೊಳ್ಳುವ ಹೊತ್ತಿಗೆ ಇದು ಐದು ದಿನಗಳಿಂದ ನಡೆಯುತ್ತಿದೆ, ಯಾರೂ ಕಣ್ಣು ಮುಚ್ಚಿಲ್ಲ. ಬದುಕಿ ಉಳಿದವರ ಲೆಕ್ಕವನ್ನು ಅಧ್ಯಕ್ಷೆಯ ನೌಕೆಯ ಗೋಡೆಯ ಮೇಲಿನ ಬಿಳಿ ಹಲಗೆಯಲ್ಲಿ ಬರೆದಿಟ್ಟಿದ್ದಾರೆ, ಅದು ಐವತ್ತು ಸಾವಿರದ ಆಸುಪಾಸಿನಲ್ಲಿದೆ. ದಾರಿಯಲ್ಲಿ ಹಿಂದುಳಿದ ಒಂದು ಪ್ರಯಾಣಿಕರ ನೌಕೆ ಕೆಲವು ಗಂಟೆಗಳ ನಂತರ ಮರಳಿ ಬಂದಾಗ, ಶತ್ರು ಅದನ್ನೇ ಹಿಂಬಾಲಿಸುತ್ತಿರಬಹುದೆಂಬ ಅನುಮಾನ ಹುಟ್ಟುತ್ತದೆ. ಅದರೊಳಗೆ ಸಾವಿರಕ್ಕೂ ಹೆಚ್ಚು ಜನರಿರಬಹುದು, ಅಥವಾ ಯಾರೂ ಇಲ್ಲದಿರಬಹುದು. ನಿದ್ದೆಗೆಟ್ಟ ಇಬ್ಬರು ಚಾಲಕರಿಗೆ ಅದನ್ನು ಹೊಡೆದುರುಳಿಸುವ ಆದೇಶ ಬರುತ್ತದೆ.

ಆ ಅವಧಿ 33 ನಿಮಿಷವೇ ಏಕೆ ಎಂಬುದನ್ನು ಈ ಕಂತು ಎಲ್ಲಿಯೂ ವಿವರಿಸುವುದಿಲ್ಲ. ನೌಕೆಗಳು ಬೆಳಕಿಗಿಂತ ವೇಗವಾಗಿ ಜಿಗಿಯುವುದು ಹೇಗೆ ಎಂಬುದಕ್ಕೂ ಒಂದು ವಾಕ್ಯ ಖರ್ಚಾಗಿಲ್ಲ. ಹಾಗಿದ್ದೂ ಇದು ವಿಜ್ಞಾನಕಥೆಯಲ್ಲ, ಬಾಹ್ಯಾಕಾಶದ ವೇಷ ತೊಟ್ಟ ಯುದ್ಧಕಥೆ ಎಂದು ತಳ್ಳಿಹಾಕಲು ಸಾಧ್ಯವಿಲ್ಲ, ಏಕೆಂದರೆ ದಣಿವಿಲ್ಲದ ಯಂತ್ರವೊಂದು ದಣಿಯುವ ದೇಹವನ್ನು ಬೆನ್ನಟ್ಟಿದರೆ ಏನಾಗುತ್ತದೆ ಎಂಬುದು ಅಪ್ಪಟ ವಿಜ್ಞಾನಕಥೆಯ ಪ್ರಶ್ನೆ. ಮನುಷ್ಯನಿಗೆ ನಿದ್ದೆ ಬೇಕು, ಯಂತ್ರಕ್ಕೆ ಬೇಡ ಎಂಬ ಒಂದೇ ವ್ಯತ್ಯಾಸದಿಂದ ಇಡೀ ಕಂತು ಬೆಳೆದಿದೆ. ಆ ವ್ಯತ್ಯಾಸವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೈ ನಡುಗುವ ಅಧಿಕಾರಿಗಳಲ್ಲಿ, ಸಣ್ಣ ಮಾತಿಗೂ ಸಿಡುಕುವ ಸಿಬ್ಬಂದಿಯಲ್ಲಿ, ಎಚ್ಚರವಾಗಿರಲು ಮಾತ್ರೆ ನುಂಗಬೇಕೇ ಎಂದು ಜಗಳವಾಡುವ ಚಾಲಕರಲ್ಲಿ ನಾವು ಅದನ್ನು ಕಾಣುತ್ತೇವೆ.

ದೂರದರ್ಶನಕ್ಕಾಗಿ ವಿಜ್ಞಾನಕಥೆ ಬರೆಯುವವರಿಗೆ ಸಾಮಾನ್ಯವಾಗಿ ಸಿಗುವ ಸಲಹೆಯೆಂದರೆ, ಕಲ್ಪನೆಯೂ ಇರಲಿ, ಭಾವನೆಯೂ ಇರಲಿ, ಎರಡರ ಪ್ರಮಾಣವನ್ನು ಸರಿಯಾಗಿ ಕಾಯ್ದುಕೊಳ್ಳಿ ಎಂಬುದು. ಈ ಸಲಹೆಯೇ ಅನೇಕ ಧಾರಾವಾಹಿಗಳನ್ನು ಹಾಳುಮಾಡಿದೆ ಎಂದು ನಾನು ನಂಬುತ್ತೇನೆ. ತಕ್ಕಡಿಯ ಎರಡು ತಟ್ಟೆಗಳಲ್ಲಿ ಒಂದಿಷ್ಟು ಇದು, ಒಂದಿಷ್ಟು ಅದು ಎಂದು ಹಾಕುತ್ತಾ ಹೋದರೆ, ಪ್ರಯೋಗಾಲಯದಲ್ಲಿ ನಾಲ್ಕು ನಿಮಿಷ ವಿವರಣೆ, ಆಮೇಲೆ ಮನೆಯಲ್ಲಿ ನಾಲ್ಕು ನಿಮಿಷ ಕಣ್ಣೀರು, ಮತ್ತೆ ಪ್ರಯೋಗಾಲಯ ಎಂಬಂಥ ಬರವಣಿಗೆ ಹುಟ್ಟುತ್ತದೆ. ವಿವರಣೆಯ ದೃಶ್ಯದಲ್ಲಿ ಯಾರಿಗೂ ಏನೂ ಬೇಕಾಗಿರುವುದಿಲ್ಲ, ಕಣ್ಣೀರಿನ ದೃಶ್ಯ ಯಾವ ಧಾರಾವಾಹಿಯಲ್ಲಾದರೂ ಇರಬಹುದಾದದ್ದು. ಇವೆರಡೂ ಒಂದೇ ಘಟನೆಯ ಒಳಗೆ ಸಂಭವಿಸಬೇಕು. ಕಲ್ಪನೆಯೊಂದು ಲೋಕಕ್ಕೆ ಬಂದಾಗ ಅದಕ್ಕೊಂದು ಬೆಲೆಯಿರುತ್ತದೆ. ಆ ಬೆಲೆಯನ್ನು ಹೆಸರಿರುವ, ಆಸೆಯಿರುವ ಒಬ್ಬ ವ್ಯಕ್ತಿ ತೆರುವಂತೆ ಮಾಡುವುದೇ ಬರಹಗಾರನ ಕೆಲಸ ಎಂಬುದು ನನ್ನ ನಿಲುವು.

ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಪರಿಪೂರ್ಣ ಉದಾಹರಣೆ ‘ಫ್ರಿಂಜ್’ ಧಾರಾವಾಹಿಯ ಎರಡನೇ ಸೀಸನ್ನಿನಲ್ಲಿ, 2010ರಲ್ಲಿ ಪ್ರಸಾರವಾದ ‘ಪೀಟರ್’ ಎಂಬ ಕಂತು. ಕಥೆ 1985ಕ್ಕೆ ಹಿಂದಿರುಗುತ್ತದೆ. ವಿಜ್ಞಾನಿ ವಾಲ್ಟರ್ ಬಿಷಪ್ ನಮ್ಮ ವಿಶ್ವಕ್ಕೆ ಸಮಾನಾಂತರವಾದ ಇನ್ನೊಂದು ವಿಶ್ವವನ್ನು ನೋಡಬಲ್ಲ ಕಿಟಕಿಯಂಥ ಉಪಕರಣವನ್ನು ರೂಪಿಸಿದ್ದಾನೆ. ಅವನ ಮಗ ಪೀಟರ್ ಕಾಯಿಲೆಯಿಂದ ಸಾಯುತ್ತಾನೆ. ಆ ಕಡೆಯ ವಿಶ್ವದಲ್ಲಿರುವ ಇನ್ನೊಬ್ಬ ಪೀಟರ್ ಕೂಡ ಅದೇ ಕಾಯಿಲೆಯಿಂದ ಸಾಯುತ್ತಿದ್ದಾನೆ. ಅಲ್ಲಿನ ವಾಲ್ಟರ್ ಔಷಧಿಗಾಗಿ ನಡೆಸುತ್ತಿರುವ ಪ್ರಯೋಗದಲ್ಲಿ ಯಶಸ್ಸು ಕಣ್ಣೆದುರಿಗೆ ಬಂದ ಕ್ಷಣದಲ್ಲಿಯೇ ಅವನ ಗಮನ ಬೇರೆಡೆಗೆ ಹರಿದು, ಅದು ಅವನ ಕಣ್ಣು ತಪ್ಪುತ್ತದೆ. ಈ ಕಡೆ ಕಿಟಕಿಯಲ್ಲಿ ನೋಡುತ್ತಿರುವ ವಾಲ್ಟರ್‌ಗೆ ಮಾತ್ರ ಅದು ಕಾಣುತ್ತದೆ. ಆ ಮಗುವನ್ನು ಉಳಿಸಬಲ್ಲವನು ತಾನೊಬ್ಬನೇ ಎಂದು ತಿಳಿದು ಅವನು ಎರಡು ವಿಶ್ವಗಳ ನಡುವಿನ ಗೋಡೆಯನ್ನು ದಾಟುತ್ತಾನೆ. ಔಷಧಿಯ ಸೀಸೆ ದಾರಿಯಲ್ಲಿ ಒಡೆಯುತ್ತದೆ. ಮಗುವನ್ನು ಈ ಕಡೆಗೆ ತಂದು ಗುಣಪಡಿಸಿ ಹಿಂದಿರುಗಿಸುವುದು ಅವನ ಉದ್ದೇಶ. ಆದರೆ ಮಗನನ್ನು ಕಳೆದುಕೊಂಡ ತಾಯಿ ಆ ಹುಡುಗನನ್ನು ಕಂಡ ಮೇಲೆ, ಅವನನ್ನು ಮರಳಿ ಕಳಿಸುವ ಶಕ್ತಿ ಮನೆಯಲ್ಲಿ ಯಾರಿಗೂ ಉಳಿಯುವುದಿಲ್ಲ.

ಇಲ್ಲಿ ಸಮಾನಾಂತರ ವಿಶ್ವ ಎಂಬ ಕಲ್ಪನೆಯನ್ನು ತೆಗೆದುಬಿಟ್ಟರೆ ಉಳಿಯುವುದು ಏನು? ಮಗ ಸತ್ತ ದುಃಖ ಉಳಿಯುತ್ತದೆ, ಆದರೆ ಅಪರಾಧ ಉಳಿಯುವುದಿಲ್ಲ. ತನ್ನದೇ ಮುಖ, ತನ್ನದೇ ಪ್ರೀತಿ ಇರುವ ಇನ್ನೊಬ್ಬ ತಂದೆಯಿಂದ ಮಗುವನ್ನು ಕದ್ದ ತಂದೆ ಎಂಬ ಪಾತ್ರ ಬೇರೆ ಯಾವ ಬಗೆಯ ಕಥೆಯಲ್ಲಿಯೂ ಹುಟ್ಟಲಾರದು. ತಾನು ಯಾರಿಗೆ ಅನ್ಯಾಯ ಮಾಡುತ್ತಿದ್ದೇನೆ ಎಂಬುದು ವಾಲ್ಟರ್‌ಗೆ ಗೊತ್ತಿರುವಷ್ಟು ನಿಖರವಾಗಿ ಯಾವ ಕಳ್ಳನಿಗೂ ಗೊತ್ತಿರುವುದು ಸಾಧ್ಯವಿಲ್ಲ. ಅಷ್ಟಕ್ಕೇ ಬರಹಗಾರರು ನಿಲ್ಲುವುದಿಲ್ಲ. ಅವನು ದಾಟಿಹೋದ ಜಾಗದಲ್ಲಿಯೇ ಎರಡೂ ವಿಶ್ವಗಳ ಹಂದರ ಬಿರುಕುಬಿಡುತ್ತದೆ. ಆ ಕಡೆಯ ಲೋಕ ನಿಧಾನವಾಗಿ ಕುಸಿಯತೊಡಗುತ್ತದೆ. ಆ ಕಡೆಯ ವಾಲ್ಟರ್ ಮಗುವನ್ನು ಕಳೆದುಕೊಂಡ ನೋವಿನಲ್ಲಿ ಕಠಿಣನಾಗಿ ಬೆಳೆದು ನಮ್ಮ ಲೋಕದ ಮೇಲೆ ಯುದ್ಧ ಹೂಡುತ್ತಾನೆ. ಮುಂದಿನ ಸೀಸನ್ನುಗಳ ಕಥಾಹಂದರದ ಬಹುಭಾಗ ಒಂದು ರಾತ್ರಿ ಒಬ್ಬ ತಂದೆ ತೆಗೆದುಕೊಂಡ ನಿರ್ಧಾರದಿಂದ ಹೊರಟದ್ದು. ಭೌತಶಾಸ್ತ್ರದ ಬಿರುಕೂ ಕುಟುಂಬದ ಬಿರುಕೂ ಒಂದೇ ಆಗಿರುವಾಗ, ಈ ದೃಶ್ಯ ಯಾವುದಕ್ಕೆ ಸೇರಿದ್ದು ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ.

ಇದಕ್ಕೆ ವಿರುದ್ಧವಾದ ದಾರಿಯೂ ದೂರದರ್ಶನದ ಇತಿಹಾಸದಲ್ಲಿ ದಾಖಲಾಗಿದೆ. 1987ರಿಂದ 1994ರವರೆಗೆ ನಡೆದ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ ಧಾರಾವಾಹಿಯ ಸ್ಕ್ರಿಪ್ಟುಗಳಲ್ಲಿ, ತಾಂತ್ರಿಕ ಪದ ಬೇಕಾದಲ್ಲೆಲ್ಲ ಬರಹಗಾರರು ‘ಟೆಕ್’ ಎಂದಷ್ಟೇ ಬರೆದು ಜಾಗ ಬಿಡುತ್ತಿದ್ದರು, ಆಮೇಲೆ ವಿಜ್ಞಾನ ಸಲಹೆಗಾರರು ಅಲ್ಲಿ ತಕ್ಕ ಪದಗಳನ್ನು ತುಂಬುತ್ತಿದ್ದರು ಎಂಬುದನ್ನು ಅಲ್ಲಿ ಬರೆಯುತ್ತಿದ್ದ ರೊನಾಲ್ಡ್ ಡಿ. ಮೂರ್ ಅವರೇ ಹೇಳಿದ್ದಾರೆ. ವಾರಕ್ಕೊಂದು ಕಂತು ಒಪ್ಪಿಸಬೇಕಾದ ಒತ್ತಡದಲ್ಲಿ ಇದು ಅರ್ಥವಾಗುವ ಅನುಕೂಲ. ಆದರೆ ನೌಕೆಗೆ ಒದಗಿದ ಅಪಾಯವೂ ಖಾಲಿ ಜಾಗ, ಅದರಿಂದ ಪಾರಾಗುವ ಉಪಾಯವೂ ಖಾಲಿ ಜಾಗ ಆಗಿರುವ ಕಂತಿನಲ್ಲಿ ಪಾತ್ರಗಳಿಗೆ ಆಯ್ಕೆಯೇ ಇರುವುದಿಲ್ಲ. ಯಾವ ಪದ ಬಂದರೂ ಕಥೆ ಹಾಗೆಯೇ ನಡೆಯುತ್ತದೆಯೆಂದರೆ ಆ ಪದದಿಂದ ಯಾರಿಗೂ ಏನೂ ನಷ್ಟವಾಗಿಲ್ಲ ಎಂದೇ ಅರ್ಥ. ಅದೇ ಮೂರ್ ಮುಂದೆ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ವನ್ನು ಮರುಸೃಷ್ಟಿಸಿದಾಗ, ಇಂಥ ಪದಗಳನ್ನು ಬಹುಮಟ್ಟಿಗೆ ಹೊರಗಿಟ್ಟದ್ದು ಆಕಸ್ಮಿಕವಲ್ಲ.

ಅದೇ ‘ನೆಕ್ಸ್ಟ್ ಜನರೇಷನ್’ನಲ್ಲಿಯೇ, 1989ರಲ್ಲಿ, ಹಿಂದೆ ವಕೀಲಿಕೆ ಮಾಡುತ್ತಿದ್ದ ಮೆಲಿಂಡಾ ಸ್ನಾಡ್‌ಗ್ರಾಸ್ ಬರೆದ ‘ದಿ ಮೆಷರ್ ಆಫ್ ಎ ಮ್ಯಾನ್’ ಎಂಬ ಕಂತು ಬಂತು. ಡೇಟಾ ಎಂಬ ಯಂತ್ರಮಾನವನನ್ನು ಬಿಚ್ಚಿ ಅಧ್ಯಯನ ಮಾಡಿ, ಅವನಂಥವರನ್ನು ಹೆಚ್ಚು ಸಂಖ್ಯೆಯಲ್ಲಿ ತಯಾರಿಸಬೇಕೆಂದು ಒಬ್ಬ ವಿಜ್ಞಾನಿ ಬರುತ್ತಾನೆ. ಡೇಟಾ ಒಪ್ಪುವುದಿಲ್ಲ. ಒಪ್ಪದಿರುವ ಹಕ್ಕು ಅವನಿಗಿದೆಯೇ, ಅವನು ವ್ಯಕ್ತಿಯೋ ಸಂಸ್ಥೆಯ ಸ್ವತ್ತೋ ಎಂಬುದು ವಿಚಾರಣೆಗೆ ಬರುತ್ತದೆ. ಇಷ್ಟೇ ಆಗಿದ್ದರೆ ಇದೊಂದು ಒಳ್ಳೆಯ ಚರ್ಚಾಸ್ಪರ್ಧೆಯಾಗುತ್ತಿತ್ತು. ಆದರೆ ವಿಚಾರಣೆ ನಡೆಯುವ ಬಾಹ್ಯಾಕಾಶ ಠಾಣೆಯಲ್ಲಿ ವಕೀಲರ ಕೊರತೆಯಿದೆ. ನಿಯಮದ ಪ್ರಕಾರ ಡೇಟಾನ ಪರವಾಗಿ ಕ್ಯಾಪ್ಟನ್ ಪಿಕಾರ್ಡ್ ವಾದಿಸಬೇಕು, ವಿರುದ್ಧವಾಗಿ ಅವನ ಗೆಳೆಯ, ನೌಕೆಯ ಉಪನಾಯಕ ರೈಕರ್ ವಾದಿಸಬೇಕು. ರೈಕರ್ ನಿರಾಕರಿಸಿದರೆ, ಅಥವಾ ಮನಸ್ಸಿಟ್ಟು ವಾದಿಸದಿದ್ದರೆ, ತೀರ್ಪು ನೇರವಾಗಿ ಡೇಟಾನ ವಿರುದ್ಧ ಹೋಗುತ್ತದೆ. ಗೆಳೆಯನನ್ನು ಉಳಿಸಬೇಕಾದರೆ ಗೆಳೆಯನ ವಿರುದ್ಧ ತನ್ನ ಸಾಮರ್ಥ್ಯವನ್ನೆಲ್ಲ ಬಳಸಬೇಕು. ಡೇಟಾನ ತಾಂತ್ರಿಕ ರಚನೆಯ ವಿವರಗಳನ್ನು ಹುಡುಕುತ್ತಾ ಕುಳಿತ ರೈಕರ್‌ಗೆ ಬಲವಾದ ಸಾಕ್ಷ್ಯವೊಂದು ಸಿಕ್ಕಾಗ ಅವನ ಮುಖದಲ್ಲಿ ಮೊದಲು ಗೆಲುವಿನ ಸಂತೋಷ ಮೂಡುತ್ತದೆ, ಮರುಕ್ಷಣವೇ ಆ ಗೆಲುವಿನ ಅರ್ಥ ಹೊಳೆದು ಸಂತೋಷ ಕರಗುತ್ತದೆ. ವಿಚಾರಣೆಯಲ್ಲಿ ಅವನು ಡೇಟಾನ ಕೈಯನ್ನು ಕಳಚಿಡುತ್ತಾನೆ, ಕೊನೆಗೆ ಗುಂಡಿ ಒತ್ತಿ ಅವನ ಚಾಲನೆಯನ್ನೇ ನಿಲ್ಲಿಸಿಬಿಡುತ್ತಾನೆ. ಯಂತ್ರಕ್ಕೆ ಪ್ರಜ್ಞೆಯಿದೆಯೇ ಎಂಬ ತಾತ್ವಿಕ ಪ್ರಶ್ನೆ ನನಗೆ ಮೊದಲ ಬಾರಿಗೆ ಎದೆಗೆ ತಾಕಿದ್ದು ಪಿಕಾರ್ಡನ ಸೊಗಸಾದ ವಾದದಿಂದಲ್ಲ, ಗುಂಡಿ ಒತ್ತಿದ ಮೇಲೆ ರೈಕರ್ ತನ್ನ ಜಾಗಕ್ಕೆ ಮರಳುವ ಆ ನಡಿಗೆಯಿಂದ.

ಈ ಧಾರಾವಾಹಿಯ ಬರಹಗಾರರಿಗೆ ಇನ್ನೊಂದು ಕಟ್ಟುಪಾಡಿತ್ತು. ಇಪ್ಪತ್ನಾಲ್ಕನೇ ಶತಮಾನದ ಮನುಷ್ಯರು ಸಣ್ಣತನಗಳನ್ನು ದಾಟಿರುತ್ತಾರೆ, ಆದ್ದರಿಂದ ನೌಕೆಯ ಮುಖ್ಯ ಪಾತ್ರಗಳ ನಡುವೆ ಜಗಳ ಇರಕೂಡದು ಎಂಬುದು ಸೃಷ್ಟಿಕರ್ತ ಜೀನ್ ರಾಡೆನ್‌ಬೆರಿಯವರ ಕಲ್ಪನೆ. ಸಂಘರ್ಷವಿಲ್ಲದೆ ನಾಟಕ ಹೇಗೆ ಎಂದು ಹಲವು ಬರಹಗಾರರು ಬೇಸತ್ತರು. ಮೂರನೇ ಸೀಸನ್ನಿನಲ್ಲಿ ಬರಹಗಾರರ ತಂಡದ ಮುಂದಾಳತ್ವ ವಹಿಸಿದ ಮೈಕಲ್ ಪಿಲ್ಲರ್ ಆ ಕಟ್ಟುಪಾಡನ್ನು ಒಪ್ಪಿಕೊಂಡೇ, ಪ್ರತಿ ಕಂತು ಒಂದು ಪಾತ್ರದ ಒಳಗಿನ ಕಥೆಯಾಗಿರಬೇಕೆಂದು ಒತ್ತಾಯಿಸಿದರು. ರೈಕರನ ಉದಾಹರಣೆ ಪಿಲ್ಲರ್‌ಗಿಂತ ಮೊದಲಿನದಾದರೂ ಅದೇ ತತ್ವದ್ದು: ಅಲ್ಲಿ ಯಾರೂ ಸಣ್ಣವರಲ್ಲ, ಯಾರೂ ಜಗಳವಾಡುವುದಿಲ್ಲ, ಸನ್ನಿವೇಶವೇ ಅವರನ್ನು ಎದುರುಬದುರು ನಿಲ್ಲಿಸಿದೆ.

ಬೆಲೆಯ ಮಾತು ಬಂದಾಗ ದೂರದರ್ಶನಕ್ಕೆ ಮಾತ್ರ ಇರುವ ಒಂದು ತೊಡಕನ್ನು ಹೇಳಲೇಬೇಕು. ಸಿನಿಮಾ ಮುಗಿಯುತ್ತದೆ, ಧಾರಾವಾಹಿ ಮುಂದಿನ ವಾರ ಮತ್ತೆ ಬರುತ್ತದೆ. 1992ರ ‘ದಿ ಇನ್ನರ್ ಲೈಟ್’ ಕಂತಿನಲ್ಲಿ ಅಳಿದುಹೋದ ನಾಗರಿಕತೆಯೊಂದರ ಶೋಧಕ ಯಂತ್ರ ಪಿಕಾರ್ಡನ ಮನಸ್ಸನ್ನು ಸೆಳೆದುಕೊಳ್ಳುತ್ತದೆ; ಆ ಇಪ್ಪತ್ತೈದು ನಿಮಿಷಗಳಲ್ಲಿ ಅವನು ಇನ್ನೊಬ್ಬ ಮನುಷ್ಯನಾಗಿ ಮದುವೆಯಾಗಿ, ಮಕ್ಕಳನ್ನು ಬೆಳೆಸಿ, ಮೊಮ್ಮಗನನ್ನು ಕಂಡು, ಮುದುಕನಾಗುತ್ತಾನೆ. ಎಚ್ಚರವಾದಾಗ ಅವನ ಬಳಿ ಉಳಿಯುವುದು ಒಂದು ಕೊಳಲು. ಹ್ಯೂಗೋ ಪ್ರಶಸ್ತಿ ಪಡೆದ ಈ ಕಂತನ್ನು ನಾನೂ ಬಹಳ ಮೆಚ್ಚುತ್ತೇನೆ. ಆದರೂ ಒಂದು ಇಡೀ ಬಾಳನ್ನು ಬಾಳಿ ಬಂದ ಮನುಷ್ಯ ಮುಂದಿನ ಕಂತಿನಲ್ಲಿ ಅದೇ ಕುರ್ಚಿಯಲ್ಲಿ ಅದೇ ದನಿಯಲ್ಲಿ ಆದೇಶ ಕೊಡುತ್ತಾ ಕುಳಿತಿರುವುದನ್ನು ನೋಡಿದಾಗ, ಬೆಲೆಯ ಬಹುಪಾಲನ್ನು ಮನ್ನಾ ಮಾಡಲಾಗಿದೆ ಅನಿಸದೆ ಇರುವುದಿಲ್ಲ. ಆಗಿನ ಪ್ರಸಾರ ಪದ್ಧತಿಗೆ, ಯಾವ ಕಂತನ್ನು ಯಾವ ಕ್ರಮದಲ್ಲಿ ನೋಡಿದರೂ ಅರ್ಥವಾಗಬೇಕೆಂಬ ನಿರೀಕ್ಷೆಗೆ, ಅದು ಅನಿವಾರ್ಯವಾಗಿತ್ತು. ಅದನ್ನು ಮೀರಿದ ಅಪರೂಪದ ಯತ್ನ 1990ರ ‘ಫ್ಯಾಮಿಲಿ’. ಬೋರ್ಗ್ ಎಂಬ ಯಂತ್ರಜೀವಿಗಳು ಪಿಕಾರ್ಡನನ್ನು ಸೆರೆಹಿಡಿದು, ಅವನ ಅರಿವನ್ನೇ ಅವನ ಜನರ ಸಂಹಾರಕ್ಕೆ ಬಳಸಿದ ಕಥೆ ಮುಗಿದ ಮರುಕಂತಿನಲ್ಲಿ ಅವನು ಫ್ರಾನ್ಸಿನ ತನ್ನ ಹುಟ್ಟೂರಿಗೆ ಹೋಗಿ, ದ್ರಾಕ್ಷಿತೋಟದ ಕೆಸರಿನಲ್ಲಿ ಅಣ್ಣನೊಡನೆ ಹೊಡೆದಾಡಿ ಅಳುತ್ತಾನೆ. ಆ ಕಂತಿನಲ್ಲಿ ಯಾವ ಅಪಾಯವೂ ಇಲ್ಲ, ಶತ್ರುವೂ ಇಲ್ಲ. ಹಿಂದಿನ ಎರಡು ಕಂತುಗಳ ವಿಜ್ಞಾನಕಲ್ಪನೆ ನನ್ನ ಮಟ್ಟಿಗೆ ಪೂರ್ಣಗೊಂಡದ್ದು ಆ ಕೆಸರಿನಲ್ಲಿ.

ಕಲ್ಪನೆಯ ಬೆಲೆ ಎಂದಾಕ್ಷಣ ಯಂತ್ರ ಕೆಟ್ಟುಹೋಗುವುದು, ಪ್ರಯೋಗ ಕೈಮೀರುವುದು ಎಂದು ಅನೇಕರು ಭಾವಿಸುತ್ತಾರೆ. ಯಂತ್ರ ಕೆಟ್ಟರೆ ತಪ್ಪು ಯಂತ್ರದ್ದಾಗುತ್ತದೆ, ಮನುಷ್ಯ ಪಾರಾಗುತ್ತಾನೆ. ಯಂತ್ರ ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿದಾಗ ಮಾತ್ರ ತಪ್ಪಿಸಿಕೊಳ್ಳಲು ದಾರಿಯಿರುವುದಿಲ್ಲ. ‘ಬ್ಲ್ಯಾಕ್ ಮಿರರ್’ ಸರಣಿಯ 2011ರ ಕಂತು ‘ದಿ ಎಂಟೈರ್ ಹಿಸ್ಟರಿ ಆಫ್ ಯೂ’ನಲ್ಲಿ, ಕಂಡದ್ದನ್ನೆಲ್ಲ ದಾಖಲಿಸಿ ಬೇಕಾದಾಗ ಮತ್ತೆ ತೋರಿಸುವ ಚಿಕ್ಕ ಸಾಧನವೊಂದನ್ನು ಜನ ಕಿವಿಯ ಹಿಂದೆ ಅಳವಡಿಸಿಕೊಂಡಿದ್ದಾರೆ. ಹೆಂಡತಿಯ ಮೇಲೆ ಅನುಮಾನಗೊಂಡ ಗಂಡ ಒಂದು ಔತಣದ ರಾತ್ರಿಯ ನೋಟಗಳನ್ನು, ನಗುಗಳನ್ನು ಮತ್ತೆ ಮತ್ತೆ ತಿರುಗಿಸಿ ನೋಡುತ್ತಾ ಹೋಗುತ್ತಾನೆ. ಕಡಿಮೆ ದರ್ಜೆಯ ಬರಹಗಾರನಾಗಿದ್ದರೆ ಆ ದಾಖಲೆಯನ್ನು ಯಾರೋ ತಿದ್ದಿದ್ದಾರೆಂದೋ, ಅನುಮಾನ ಸುಳ್ಳಾಗಿತ್ತೆಂದೋ ತೋರಿಸಿ ತಂತ್ರಜ್ಞಾನದ ಮೇಲೆ ಗೂಬೆ ಕೂರಿಸುತ್ತಿದ್ದ. ಇಲ್ಲಿ ಗಂಡನ ಅನುಮಾನ ನಿಜ. ಸಾಧನ ಅವನಿಗೆ ಸತ್ಯವನ್ನೇ ತೋರಿಸುತ್ತದೆ, ಸತ್ಯದ ಜೊತೆಗೆ ಬದುಕುವ ಶಕ್ತಿಯನ್ನು ಮಾತ್ರ ಕೊಡುವುದಿಲ್ಲ. 2022ರಲ್ಲಿ ಆರಂಭವಾದ ‘ಸೆವೆರೆನ್ಸ್’ ಕೂಡ ಹೀಗೆಯೇ. ಕಚೇರಿಯ ನೆನಪು ಹೊರಗೆ ಬಾರದಂತೆ, ಹೊರಗಿನ ನೆನಪು ಒಳಗೆ ಹೋಗದಂತೆ ಮಿದುಳನ್ನು ಸೀಳುವ ಶಸ್ತ್ರಚಿಕಿತ್ಸೆ ಕರಾರುವಾಕ್ಕಾಗಿ ಕೆಲಸ ಮಾಡುತ್ತದೆ. ಕಚೇರಿಯೊಳಗೆ ಎಚ್ಚರಗೊಂಡ ಹೊಸ ಉದ್ಯೋಗಿ ಹೆಲಿ ರಾಜೀನಾಮೆ ಕೇಳಿದಾಗ, ಅದನ್ನು ನಿರಾಕರಿಸುವವಳು ಹೊರಗಿರುವ ಅವಳೇ. ತನ್ನದೇ ಮುಖ ವೀಡಿಯೊದಲ್ಲಿ ತನ್ನನ್ನು ಮನುಷ್ಯಳೆಂದು ಒಪ್ಪದಿರುವುದನ್ನು ಅವಳು ನೋಡಬೇಕಾಗುತ್ತದೆ.

ಇತ್ತೀಚಿನ ವರ್ಷಗಳ ಒಂದು ರೂಢಿಯ ಬಗ್ಗೆ ನನಗೆ ಅಸಮಾಧಾನವಿದೆ. ನಾಯಕನಿಗೋ ನಾಯಕಿಗೋ ಸತ್ತ ಸಂಗಾತಿ ಅಥವಾ ಸತ್ತ ಮಗುವೊಂದನ್ನು ಕೊಟ್ಟುಬಿಟ್ಟರೆ ಮಾನವೀಯ ಭಾಗ ಸಿದ್ಧವಾಯಿತು ಎಂಬ ನಂಬಿಕೆ ವಿಜ್ಞಾನಕಥೆಯ ಧಾರಾವಾಹಿಗಳಲ್ಲಿ ಬೇರೂರಿದೆ. ದುಃಖ ಪಾತ್ರದ ಹಿನ್ನೆಲೆಯಾಗಿ ಉಳಿದರೆ ಅದು ಆಭರಣವಷ್ಟೇ. ‘ಸೆವೆರೆನ್ಸ್’ನ ಮಾರ್ಕ್‌ಗೂ ಹೆಂಡತಿಯ ಸಾವಿನ ದುಃಖವಿದೆ, ಆದರೆ ದಿನದ ಕೆಲವು ಗಂಟೆಗಳ ಕಾಲವಾದರೂ ಆ ದುಃಖ ತನಗಿರಬಾರದೆಂದೇ ಅವನು ಆ ಶಸ್ತ್ರಚಿಕಿತ್ಸೆಗೆ ಒಪ್ಪಿದ್ದಾನೆ, ಮತ್ತು ಅವನ ಆ ಸಮಾಧಾನದ ಬೆಲೆಯನ್ನು ಕಚೇರಿಯೊಳಗೆ ಬಂದಿಯಾಗಿರುವ, ಯಾವುದಕ್ಕೂ ಒಪ್ಪಿಗೆ ಕೊಡದಿರುವ ಇನ್ನೊಬ್ಬ ಮಾರ್ಕ್ ತೆರುತ್ತಿದ್ದಾನೆ. ದುಃಖ ಕಲ್ಪನೆಯನ್ನು ಆರಿಸಿಕೊಳ್ಳುವಂತೆ ಮಾಡಬೇಕು, ಕಲ್ಪನೆ ಆ ದುಃಖಕ್ಕೆ ಹೊಸದೊಂದು ಅಪರಾಧವನ್ನು ಕೂಡಿಸಬೇಕು. ಅಷ್ಟಾಗದಿದ್ದರೆ ಸತ್ತ ಮಗುವಿನ ಫೋಟೊವನ್ನು ನೌಕೆಯ ಗೋಡೆಗೆ ಅಂಟಿಸುವುದರಿಂದ ಏನೂ ಸಾಧಿಸಿದಂತಾಗುವುದಿಲ್ಲ.

ಕಲ್ಪನೆಯನ್ನು ತೋರಿಸಲು ಹಣ ಬೇಕು ಎಂಬ ವಾದವೂ ಇದೆ. 1959ರಲ್ಲಿ ಶುರುವಾದ ‘ದಿ ಟ್ವಿಲೈಟ್ ಜೋನ್’ ಇದಕ್ಕೆ ಹಳೆಯ ಉತ್ತರ. ಜನಾಂಗದ್ವೇಷದ ಬಗ್ಗೆ ನೇರವಾಗಿ ಬರೆದಾಗ ಪ್ರಾಯೋಜಕರ ಕತ್ತರಿಗೆ ಸಿಕ್ಕಿ ನೊಂದಿದ್ದ ರಾಡ್ ಸರ್ಲಿಂಗ್, ಹೇಳಬೇಕಾದದ್ದನ್ನು ಹೇಳಲು ಈ ಪ್ರಕಾರವನ್ನು ಆರಿಸಿಕೊಂಡರು. 1960ರಲ್ಲಿ ಅವರು ಬರೆದ ಮೇಪಲ್ ಸ್ಟ್ರೀಟಿನ ಕಥೆಯಲ್ಲಿ ಒಂದು ಬೀದಿಯ ವಿದ್ಯುತ್ ಹೋಗುತ್ತದೆ, ಬಂದುಹೋಗುತ್ತದೆ, ಯಾರದೋ ಒಬ್ಬರ ಕಾರು ಮಾತ್ರ ತಾನಾಗಿ ಚಾಲೂ ಆಗುತ್ತದೆ. ಅಷ್ಟರಿಂದಲೇ ನೆರೆಹೊರೆಯವರು ಒಬ್ಬರನ್ನೊಬ್ಬರು ಕೊಲ್ಲುವ ಮಟ್ಟಕ್ಕೆ ಇಳಿಯುತ್ತಾರೆ. ಅನ್ಯಗ್ರಹದವರು ಕಾಣಿಸಿಕೊಳ್ಳುವುದು ಕೊನೆಯ ದೃಶ್ಯದಲ್ಲಿ ಮಾತ್ರ.

ಕೊನೆಯದಾಗಿ ನಿಯಮಗಳ ವಿಷಯ. ಬೆಲೆ ನಿಜವಾಗಬೇಕಾದರೆ ನಿಯಮ ಬದಲಾಗಕೂಡದು, ಮತ್ತು ಹಲವು ವರ್ಷ ನಡೆಯುವ ಧಾರಾವಾಹಿಯಲ್ಲಿ ಇದು ಎಲ್ಲಕ್ಕಿಂತ ಕಷ್ಟದ ಶಿಸ್ತು. ಒಂದು ಸೀಸನ್ನಿನಲ್ಲಿ ಅಸಾಧ್ಯವಾಗಿದ್ದದ್ದು ಮುಂದಿನ ಸೀಸನ್ನಿನಲ್ಲಿ ಹೊಸ ಉಪಕರಣದಿಂದ ಸಾಧ್ಯವಾಗಿಬಿಟ್ಟರೆ, ಹಿಂದೆ ಸತ್ತವರೆಲ್ಲ ಸುಮ್ಮನೆ ಸತ್ತಂತಾಗುತ್ತದೆ. 2015ರಿಂದ 2022ರವರೆಗೆ ನಡೆದ ‘ದಿ ಎಕ್ಸ್‌ಪ್ಯಾನ್ಸ್’ ಈ ಶಿಸ್ತನ್ನು ಬಹುಮಟ್ಟಿಗೆ ಕಾಪಾಡಿಕೊಂಡಿತು ಎಂಬುದಕ್ಕಾಗಿಯೇ ನನಗೆ ಅದರ ಮೇಲೆ ಗೌರವ. ಅಲ್ಲಿ ಕೃತಕ ಗುರುತ್ವ ಎಂಬ ಮಾಯಾಯಂತ್ರವಿಲ್ಲ. ನೌಕೆಯ ಎಂಜಿನ್ ತಳ್ಳುತ್ತಿರುವಾಗ ಮಾತ್ರ ನೆಲವಿರುತ್ತದೆ. ಕ್ಷುದ್ರಗ್ರಹಗಳ ಪಟ್ಟಿಯಲ್ಲಿ ತಲೆಮಾರುಗಳಿಂದ ದುಡಿಯುತ್ತಿರುವ ಬೆಲ್ಟರುಗಳ ಮೂಳೆ, ಸ್ನಾಯು, ಹೃದಯಗಳು ಕಡಿಮೆ ಗುರುತ್ವಕ್ಕೆ ಹೊಂದಿಕೊಂಡಿವೆ. ಮೊದಲ ಕಂತಿನಲ್ಲಿಯೇ ವಿಶ್ವಸಂಸ್ಥೆಯ ಅಧಿಕಾರಿಣಿ ಅವಸರಾಲಾ ಸೆರೆಸಿಕ್ಕ ಬೆಲ್ಟರನೊಬ್ಬನನ್ನು ವಿಚಾರಿಸುವಾಗ, ಅವನನ್ನು ಯಾರೂ ಹೊಡೆಯಬೇಕಾಗಿಲ್ಲ; ಭೂಮಿಯ ಗುರುತ್ವದಲ್ಲಿ ತೂಗುಹಾಕಿದರೆ ಸಾಕು, ಅವನ ದೇಹವೇ ಅವನನ್ನು ಹಿಂಸಿಸುತ್ತದೆ. ಭೌತಶಾಸ್ತ್ರದ ಒಂದು ಸರಳ ಸತ್ಯ ಅಲ್ಲಿ ಒಂದು ಜನವರ್ಗದ ರಾಜಕೀಯವಾಗುತ್ತದೆ.

ಅದೇ ನಿಯಮ 2019ರ ನಾಲ್ಕನೇ ಸೀಸನ್ನಿನಲ್ಲಿ ಪ್ರೇಕ್ಷಕರು ಪ್ರೀತಿಸುವ ಪಾತ್ರವೊಂದರ ಮೇಲೆ ಬೀಳುತ್ತದೆ. ಬೆಲ್ಟರ್ ಎಂಜಿನಿಯರ್ ನಯೋಮಿ ನಗಾಟಾಗೆ ಒಮ್ಮೆಯಾದರೂ ಒಂದು ಗ್ರಹದ ನೆಲದ ಮೇಲೆ, ತೆರೆದ ಆಕಾಶದ ಕೆಳಗೆ ನಡೆಯಬೇಕೆಂಬ ಆಸೆ. ಔಷಧಿಗಳನ್ನು ತೆಗೆದುಕೊಳ್ಳುತ್ತಾಳೆ, ನೋವು ನುಂಗಿ ವ್ಯಾಯಾಮ ಮಾಡುತ್ತಾಳೆ, ಕೊನೆಗೆ ಇಲಸ್ ಎಂಬ ಹೊಸ ಗ್ರಹದಲ್ಲಿ ಇಳಿದೇಬಿಡುತ್ತಾಳೆ. ಅವಳು ಮುಖ್ಯ ಪಾತ್ರ, ಅವಳ ಆಸೆ ನ್ಯಾಯವಾದದ್ದು, ಪಟ್ಟ ಶ್ರಮ ದೊಡ್ಡದು. ಔಷಧಿ ಕೆಲಸ ಮಾಡಿತು ಎಂದು ಬರೆದುಬಿಡಲು ಬರಹಗಾರರಿಗೆ ಒಂದೇ ಸಾಲು ಸಾಕಾಗಿತ್ತು. ಅವರು ಆ ಸಾಲನ್ನು ಬರೆಯಲಿಲ್ಲ. ಅವಳ ದೇಹ ಸೋಲುತ್ತದೆ, ಸಂಗಾತಿ ಹೋಲ್ಡನ್‌ನನ್ನು ನೆಲದ ಮೇಲೆ ಬಿಟ್ಟು ಅವಳು ಕಕ್ಷೆಯಲ್ಲಿರುವ ನೌಕೆಗೆ ಮರಳುತ್ತಾಳೆ. ಆಮೇಲೆ ಗ್ರಹದ ಪುರಾತನ ಯಂತ್ರಗಳು ಎಚ್ಚೆತ್ತು ನೌಕೆಗಳ ಎಂಜಿನ್‌ಗಳನ್ನು ನಿಷ್ಕ್ರಿಯಗೊಳಿಸಿ, ಅವು ಒಂದೊಂದಾಗಿ ಕೆಳಕ್ಕೆ ಜಾರತೊಡಗಿದಾಗ, ಅವುಗಳನ್ನು ಮೇಲೆ ಉಳಿಸುವ ಹೋರಾಟದಲ್ಲಿ ಆ ಎಂಜಿನಿಯರ್ ಇರಬೇಕಾದ ಜಾಗದಲ್ಲಿಯೇ ಇದ್ದಾಳೆ, ಮತ್ತು ಅವಳು ಅಲ್ಲಿರಲು ಕಾರಣ ಮೊದಲ ಕಂತಿನಲ್ಲಿ ಆ ಬಡ ಕೈದಿಯ ಮೇಲೆ ಪ್ರಯೋಗಿಸಿದ ನಿಯಮವೇ.